‘ರಿಲಕ್ಟಂಟ್’: ಒಂದು ಇಂಗ್ಲಿಷ್ ಪದವನ್ನು ಪೂರ್ತಿ ಕಲಿಯುವುದು ಹೇಗೆ?

ಈ ಪದ ನನಗೆ ಮೊದಲ ಸಲ ಸಿಕ್ಕಿದ್ದು ಮಂಗಳೂರಿನ ಒಂದು ಆಸ್ಪತ್ರೆಯ ವಾರ್ಡಿನಲ್ಲಿ. ನನ್ನ ಸೋದರಮಾವನಿಗೆ ಆಪರೇಷನ್ ಆಗಬೇಕು ಅಂತ ಡಾಕ್ಟರ್ ಹೇಳಿದ್ದರು. ನಾವು ದುಡ್ಡು ಹೊಂದಿಸಬೇಕಿತ್ತು. ಊರಲ್ಲಿದ್ದ ಅತ್ತೆಯನ್ನೂ ಕರೆಸಬೇಕಿತ್ತು. ‘ಒಂದು ದಿನ ಟೈಮ್ ಕೊಡಿ’ ಅಂತ ಕೇಳಿಕೊಂಡೆವು. ಸಂಜೆ ಮಂಚದ ಕಾಲಿನ ಹತ್ತಿರ ಇಟ್ಟಿದ್ದ ಫೈಲಿನಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು: ‘ಫ್ಯಾಮಿಲಿ ರಿಲಕ್ಟಂಟ್ ಫಾರ್ ಸರ್ಜರಿ.’

ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ಪದ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಹುಡುಕಿದೆ. ‘ಇಷ್ಟವಿಲ್ಲದ, ಒಪ್ಪದ’ ಅಂತ ಬಂತು. ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಕಣ್ಣೀರು ಹಾಕಿದರು. ‘ಅಣ್ಣನಿಗೆ ಆಪರೇಷನ್ ಬೇಡ ಅಂತ ನಾವು ಯಾವಾಗ ಹೇಳಿದ್ದು ಮಾರಾಯ್ತಿ?’ ಅಂತ ಕೇಳಿದರು. ಸಿಸ್ಟರ್ ಹತ್ತಿರ ಹೋಗಿ ಕೇಳಿದರೆ, ‘ಅದು ಡಾಕ್ಟರಿಗೆ ಬರೆದದ್ದು’ ಅಂತ ಮಾತು ಮುಗಿಸಿದರು. ಆ ರಾತ್ರಿ ನಮಗೆ ಯಾರಿಗೂ ನಿದ್ದೆ ಬರಲಿಲ್ಲ. ಮರುದಿನ ಬೆಳಿಗ್ಗೆ ಸಹಿ ಹಾಕಿದೆವು, ಆಪರೇಷನ್ ಆಯಿತು, ಮಾವ ಗುಣವಾಗಿ ಮನೆಗೆ ಬಂದರು.

ಆ ಪದಕ್ಕೆ ‘ಒಪ್ಪದ’ ಅನ್ನುವ ಅರ್ಥ ಇಲ್ಲ ಅಂತ ಗೊತ್ತಾಗುವಾಗ ಎರಡು ವರ್ಷ ಕಳೆದಿತ್ತು. ಈಗ ನಾನು ಉಡುಪಿಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಅಂಗಡಿಯಲ್ಲಿ ಕೆಲಸ ಮಾಡುವವರು, ನರ್ಸಿಂಗ್ ಮಕ್ಕಳು, ಬ್ಯಾಂಕ್ ಪರೀಕ್ಷೆಗೆ ಓದುವವರು ಬರುತ್ತಾರೆ. ಎಲ್ಲರೂ ಕೇಳುವುದು ಒಂದೇ: ‘ದಿನಕ್ಕೆ ಎಷ್ಟು ಪದ ಕಲಿಯಬೇಕು ಮೇಡಂ?’ ಕೆಲವರು ದಿನಕ್ಕೆ ಇಪ್ಪತ್ತು ಪದ, ಪಕ್ಕದಲ್ಲಿ ಒಂದೊಂದು ಕನ್ನಡ ಅರ್ಥ ಬರೆದು ನೋಟ್ ಪುಸ್ತಕ ತುಂಬಿಸಿಕೊಂಡು ಬರುತ್ತಾರೆ. ಆ ಶ್ರಮ ನೋಡಿದರೆ ನನಗೆ ಸಂಕಟವಾಗುತ್ತದೆ. ಯಾಕೆಂದರೆ ಮಾತಾಡುವಾಗ ಅದರಲ್ಲಿ ಒಂದು ಪದವೂ ಬಾಯಿಗೆ ಬರುವುದಿಲ್ಲ. ಅದಕ್ಕೇ ನಾನು ಮೊದಲ ವಾರ ಒಂದೇ ಪದ ಕಲಿಸುತ್ತೇನೆ. ಇಲ್ಲಿಯೂ ಅದನ್ನೇ ಮಾಡೋಣ. ಪದ ಇದೇ, ರಿಲಕ್ಟಂಟ್. ದಾರಿ ಗೊತ್ತಾದರೆ ಬೇರೆ ಯಾವ ಪದಕ್ಕೂ ಹೀಗೇ ಹೋಗಬಹುದು.

ಮೊದಲ ಹೆಜ್ಜೆ: ಪದ ಸಿಕ್ಕಿದ ಸಾಲನ್ನೇ ಬರೆದುಕೊಳ್ಳಿ

ಪದ ಮಾತ್ರ ಬರೆದುಕೊಳ್ಳಬೇಡಿ. ಅದು ಕೂತಿದ್ದ ಇಡೀ ವಾಕ್ಯ ಬರೆಯಿರಿ. ಎಲ್ಲಿ ಸಿಕ್ಕಿತು ಅನ್ನುವುದನ್ನೂ ಬರೆಯಿರಿ: ಪೇಪರಿನಲ್ಲಿ, ಆಫೀಸ್ ಮೇಲ್‌ನಲ್ಲಿ, ಬಸ್ಸಿನಲ್ಲಿ ಯಾರೋ ಫೋನಿನಲ್ಲಿ ಮಾತಾಡುವಾಗ. ನನ್ನ ಪುಸ್ತಕದ ಮೊದಲ ಪುಟದಲ್ಲಿ ಇವತ್ತಿಗೂ ‘ಫ್ಯಾಮಿಲಿ ರಿಲಕ್ಟಂಟ್ ಫಾರ್ ಸರ್ಜರಿ’ ಅಂತಲೇ ಇದೆ. ಆ ಸಾಲು ನೋಡಿದರೆ ವಾರ್ಡಿನ ಫಿನಾಯಿಲ್ ವಾಸನೆಯೂ ನೆನಪಾಗುತ್ತದೆ. ಹಾಗೆ ನೆನಪಿನ ಜೊತೆ ಸೇರಿಕೊಂಡ ಪದ ಬೇಗ ಬಿಟ್ಟುಹೋಗುವುದಿಲ್ಲ.

ಬರೆದ ಮೇಲೆ ಡಿಕ್ಷನರಿ ತೆರೆಯುವ ಮೊದಲು ಒಂದು ನಿಮಿಷ ಊಹೆ ಮಾಡಿ. ಇದು ಒಳ್ಳೆಯ ಮಾತೋ, ಕೆಟ್ಟ ಮಾತೋ? ವ್ಯಕ್ತಿಯ ಬಗ್ಗೆಯೋ, ವಸ್ತುವಿನ ಬಗ್ಗೆಯೋ? ಊಹೆ ತಪ್ಪಾದರೂ ಪರವಾಗಿಲ್ಲ. ತಪ್ಪಾದ ಊಹೆಯನ್ನು ತಿದ್ದಿಕೊಂಡಾಗ ಅರ್ಥ ಗಟ್ಟಿಯಾಗಿ ಕೂರುತ್ತದೆ.

ಎರಡನೇ ಹೆಜ್ಜೆ: ಒಂದು ಡಿಕ್ಷನರಿಗೆ ನಿಲ್ಲಿಸಬೇಡಿ

ಇಂಗ್ಲಿಷ್-ಕನ್ನಡ ಡಿಕ್ಷನರಿ ಮೊದಲು ನೋಡಿ, ತಪ್ಪಿಲ್ಲ. ಆದರೆ ಅದು ನಾಲ್ಕೈದು ಕನ್ನಡ ಪದ ಕೊಟ್ಟು ಸುಮ್ಮನಾಗುತ್ತದೆ. ಯಾವುದು ಎಲ್ಲಿಗೆ ಹೊಂದುತ್ತದೆ ಅಂತ ಹೇಳುವುದಿಲ್ಲ. ನಮ್ಮ ಮನೆಯವರು ಒಂದು ರಾತ್ರಿ ನಿದ್ದೆ ಕೆಟ್ಟದ್ದು ಅದರಿಂದಲೇ.

ಆಮೇಲೆ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ಡಿಕ್ಷನರಿ ನೋಡಿ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್ ಮೂರೂ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತವೆ. ‘ಇಂಗ್ಲಿಷ್ ಅರ್ಥ ನಮಗೆ ಅರ್ಥವಾಗುವುದಿಲ್ಲ’ ಅಂತ ಜಾಸ್ತಿ ಜನ ಹೆದರುತ್ತಾರೆ. ಹೆದರುವುದು ಬೇಡ. ಲಾಂಗ್‌ಮನ್ ಡಿಕ್ಷನರಿಯಲ್ಲಿ ಎಲ್ಲ ಪದಗಳ ಅರ್ಥವನ್ನೂ ಸುಮಾರು 2000 ಸುಲಭ ಪದಗಳಲ್ಲೇ ವಿವರಿಸುತ್ತಾರೆ. ಹತ್ತನೇ ಕ್ಲಾಸ್ ಮುಗಿಸಿದವರಿಗೆ ಆ ಪದಗಳಲ್ಲಿ ಹೆಚ್ಚಿನವು ಗೊತ್ತಿರುತ್ತವೆ. ಅಲ್ಲಿ ಅರ್ಥಕ್ಕಿಂತ ಕೆಳಗೆ ಕೊಟ್ಟ ಉದಾಹರಣೆ ವಾಕ್ಯಗಳನ್ನು ನಿಧಾನವಾಗಿ ಓದಿ. ಮೂರು ಡಿಕ್ಷನರಿಯಿಂದ ಎರಡೆರಡು ವಾಕ್ಯ ತೆಗೆದರೆ ಆರು ವಾಕ್ಯ. ಅಷ್ಟು ಸಾಕು.

ಪದದ ಪಕ್ಕದಲ್ಲಿ ಅದರ ಬಳಕೆಯನ್ನೂ ಇಡುವ ಈ ಪದ್ಧತಿ ನಮ್ಮ ಊರಿಗೆ ಹೊಸದಲ್ಲ. ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿಂದ ಹೊರಬಂತು. ಅದರಲ್ಲಿ ಎಷ್ಟೋ ಪದಗಳ ಜೊತೆ ಗಾದೆಗಳನ್ನು, ಕಾವ್ಯದ ಸಾಲುಗಳನ್ನು ಕೊಟ್ಟಿದ್ದಾರೆ. ಮಿಷನ್ ಕೆಲಸಕ್ಕೆ ಬಂದು ಕನ್ನಡ ಕಲಿತ ಜರ್ಮನ್ ಪಾದ್ರಿಗೆ ಬರೀ ಅರ್ಥ ಸಾಲದು ಅಂತ ಗೊತ್ತಾಗಿತ್ತು. ನಮ್ಮ ಕನ್ನಡವನ್ನು ಅವರು ಹೇಗೆ ಕಲಿತರೋ ಹಾಗೇ ನಾವು ಇಂಗ್ಲಿಷ್ ಕಲಿಯಬಹುದು.

ಆ ಆರು ವಾಕ್ಯ ಓದಿದ ಮೇಲೆ ಅರ್ಥವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ನಾನು ಬರೆದುಕೊಂಡದ್ದು ಹೀಗೆ: ‘ಮಾಡಲು ಮನಸ್ಸು ಒಪ್ಪುತ್ತಿಲ್ಲ, ಹಿಂದೆ ಮುಂದೆ ನೋಡುತ್ತಿದ್ದಾರೆ. ಕೊನೆಗೆ ಮಾಡಲೂಬಹುದು.’ ಕನ್ನಡದ ‘ಒಲ್ಲದ ಮನಸ್ಸು’ ಇದಕ್ಕೆ ತುಂಬ ಹತ್ತಿರ.

ಮೂರನೇ ಹೆಜ್ಜೆ: ಬಾಯಿಗೆ ಕೂರಿಸಿ

ಡಿಕ್ಷನರಿಯಲ್ಲಿ ಸ್ಪೀಕರ್ ಚಿಹ್ನೆ ಒತ್ತಿ ಮೂರು ಸಲ ಕೇಳಿ. ನಡುವಿನ ಭಾಗ ‘ಲಕ್’. ‘ಅವನ ಲಕ್ ಚೆನ್ನಾಗಿದೆ’ ಅನ್ನುತ್ತೇವಲ್ಲ, ಅದೇ ಲಕ್. ಒತ್ತು ಅಲ್ಲೇ ಬೀಳಬೇಕು. ಮುಂದಿನ ‘ರಿ’ ಹಗುರ, ಹಿಂದಿನ ‘ಟಂಟ್’ ಕೂಡ ಹಗುರ. ಸ್ಪೆಲ್ಲಿಂಗ್ ನೋಡಿ ಓದುವವರು ‘ರೆಲುಕ್ಟೆಂಟ್’ ಅನ್ನುತ್ತಾರೆ, ಅದು ತಪ್ಪು. ಕನ್ನಡದಲ್ಲೂ ತುಳುವಿನಲ್ಲೂ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ನಾವು ಬಸ್ಸು, ಬ್ಯಾಂಕು ಅಂದ ಹಾಗೆ ‘ರಿಲಕ್ಟಂಟು’ ಅಂತಲೂ ಅಂದುಬಿಡುತ್ತೇವೆ. ಕೊನೆಯ ಸದ್ದನ್ನು ಅಲ್ಲೇ ಕತ್ತರಿಸಿ.

ಬರೆಯುವಾಗ ಒಂಬತ್ತು ಅಕ್ಷರ: ಆರ್, ಇ, ಎಲ್, ಯು, ಸಿ, ಟಿ, ಎ, ಎನ್, ಟಿ. ಎಡವುವುದು ಏಳನೇ ಅಕ್ಷರದಲ್ಲಿ. ಅಲ್ಲಿ ‘ಇ’ ಬರೆಯಬೇಡಿ, ‘ಎ’ ಬರೆಯಿರಿ.

ನಾಲ್ಕನೇ ಹೆಜ್ಜೆ: ಪದದೊಳಗಿನ ಚಿತ್ರ ಹುಡುಕಿ

ಎಲ್ಲ ಪದಕ್ಕೂ ಇದು ಬೇಕಾಗುವುದಿಲ್ಲ. ಆದರೆ ಈ ಪದಕ್ಕೆ ಬಹಳ ಸಹಾಯ ಮಾಡುತ್ತದೆ. ಇದರ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ‘ಲುಕ್ಟಾರಿ’ ಅಂದರೆ ಕುಸ್ತಿ ಹಿಡಿಯುವುದು. ‘ರೆ’ ಅಂದರೆ ಇಲ್ಲಿ ಎದುರಾಗಿ. ಎದುರು ನಿಂತು ಗುದ್ದಾಡುವುದು ಅನ್ನುವ ಅರ್ಥದಿಂದ ಹೊರಟ ಪದ 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದು ‘ಒಳಗೊಳಗೇ ಎದುರು ಎಳೆಯುವ ಮನಸ್ಸು’ ಆಯಿತು.

ಕ್ಲಾಸಿನಲ್ಲಿ ನಾನು ಇದನ್ನು ಕಂಬಳ ನೆನಪಿಸಿ ಹೇಳುತ್ತೇನೆ. ಕೋಣಗಳನ್ನು ಕರೆಗೆ, ಅಂದರೆ ಓಡುವ ಕೆಸರು ಗದ್ದೆಗೆ, ಇಳಿಸಿದ್ದಾರೆ. ಓಡಿಸುವವರು ಹಿಂದೆ ತಯಾರಾಗಿ ನಿಂತಿದ್ದಾರೆ. ಒಂದು ಕೋಣ ಮುಖ ತಿರುಗಿಸುತ್ತದೆ. ಇಬ್ಬರು ಹಗ್ಗ ಹಿಡಿದು ಮುಂದೆ ಎಳೆಯುತ್ತಾರೆ. ಅದು ಕುತ್ತಿಗೆ ಬಿಗಿ ಮಾಡಿ ಹಿಂದಕ್ಕೆ ಎಳೆಯುತ್ತದೆ. ಕಾಲು ಕೆಸರಿನಲ್ಲಿ ಊರಿಕೊಂಡು ಮೂಗಿನಲ್ಲಿ ಬುಸ್ ಅನ್ನುತ್ತದೆ. ಮೈಕಿನವರು ‘ಬಿಡಿ, ಬಿಡಿ’ ಅಂತ ಕೂಗುತ್ತಲೇ ಇರುತ್ತಾರೆ. ಆ ಗಳಿಗೆಯ ಕೋಣ ರಿಲಕ್ಟಂಟ್. ಸ್ವಲ್ಪ ಹೊತ್ತಿನಲ್ಲಿ ಅದೇ ಕೋಣ ಕೆಸರು ಹಾರಿಸಿಕೊಂಡು ಓಟ ಮುಗಿಯುವ ಮಂಜೊಟ್ಟಿ ಮುಟ್ಟುತ್ತದೆ. ಓಡುವುದಿಲ್ಲ ಅಂತ ಅದು ಹೇಳಿರಲಿಲ್ಲ. ಓಡುವ ಮೊದಲು ಹಿಂದಕ್ಕೆ ಎಳೆಯಿತು, ಅಷ್ಟೇ.

ಡಿಪ್ಲೊಮಾ, ಇಂಜಿನಿಯರಿಂಗ್ ಓದಿದವರಿಗೆ ಇದರ ಇನ್ನೊಂದು ರೂಪ ಆಗಲೇ ಗೊತ್ತು. ಕಾಂತದ ಪಾಠದಲ್ಲಿ ಬರುವ ‘ರಿಲಕ್ಟನ್ಸ್’ ನೆನಪಿದೆಯಲ್ಲ? ಆ ಹೆಸರು ಕೊಟ್ಟವರು ಆಲಿವರ್ ಹೆವಿಸೈಡ್, 1888ರಲ್ಲಿ. ಕಾಂತದ ಹರಿವಿಗೆ ಒಂದು ವಸ್ತು ಎಷ್ಟು ಅಡ್ಡಿಯಾಗುತ್ತದೆ ಅನ್ನುವುದು ಅದರ ಅರ್ಥ. ಕಬ್ಬಿಣದಲ್ಲಿ ಅದು ಕಮ್ಮಿ, ನಡುವೆ ಗಾಳಿಯ ಸಂದು ಬಿಟ್ಟರೆ ಜಾಸ್ತಿ. ಟ್ರಾನ್ಸ್‌ಫಾರ್ಮರ್ ಒಳಗೆ ಕಬ್ಬಿಣದ ಕೋರ್ ಇಡುವುದು ಅದಕ್ಕೇ. ಗಾಳಿಯ ಸಂದಿನಲ್ಲೂ ಹರಿವು ಪೂರ್ತಿ ನಿಂತುಹೋಗುವುದಿಲ್ಲ, ಕಷ್ಟಪಟ್ಟು ದಾಟುತ್ತದೆ. ಮನುಷ್ಯರ ರಿಲಕ್ಟನ್ಸ್ ಕೂಡ ಹಾಗೇ. ನನ್ನ ಕ್ಲಾಸಿನಲ್ಲಿ ಎಲೆಕ್ಟ್ರಿಕಲ್ ಓದಿದ ಹುಡುಗನೊಬ್ಬ ಇದನ್ನು ಕೇಳಿ, ‘ಮೂರು ವರ್ಷ ಓದಿದ್ದೇನೆ, ಇದು ಮಾತಾಡುವ ಪದ ಅಂತ ಗೊತ್ತೇ ಇರಲಿಲ್ಲ’ ಅಂದ.

ಐದನೇ ಹೆಜ್ಜೆ: ಪದದ ಜೊತೆಗಾರರನ್ನು ಗುರುತಿಸಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಅವಸರ ಮಾಡಬೇಡಿ.

ನೀವು ಬರೆದುಕೊಂಡ ಆರು ವಾಕ್ಯದಲ್ಲೂ ಆ ಪದದ ಮುಂಚೆ ಏನಿದೆ, ಆಮೇಲೆ ಏನಿದೆ ನೋಡಿ. ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಮುಂಚೆ ಹೆಚ್ಚಾಗಿ ‘ಆಮ್, ಇಸ್, ವಾಸ್, ಸೀಮ್ಡ್’ ಇರುತ್ತದೆ. ಆಮೇಲೆ ಹೆಚ್ಚಾಗಿ ‘ಟು’, ಅದರ ಹಿಂದೆ ಒಂದು ಕ್ರಿಯಾಪದ. ‘ಶಿ ವಾಸ್ ರಿಲಕ್ಟಂಟ್ ಟು ಸೈನ್.’ ಸಹಿ ಹಾಕಲು ಅವಳಿಗೆ ಮನಸ್ಸಿರಲಿಲ್ಲ. ‘ಹಿ ಸೀಮ್ಡ್ ರಿಲಕ್ಟಂಟ್ ಟು ಟಾಕ್.’ ಅವನಿಗೆ ಮಾತಾಡಲು ಮನಸ್ಸಿದ್ದ ಹಾಗೆ ಕಾಣಲಿಲ್ಲ.

ಕನ್ನಡದ ‘ಸಹಿ ಹಾಕಲು’ ಇಂಗ್ಲಿಷಿನ ‘ಟು ಸೈನ್’ ಜೊತೆ ಸರಿಯಾಗಿ ಹೊಂದುತ್ತದೆ. ಅಷ್ಟು ನಮಗೆ ಅನುಕೂಲ. ತೊಂದರೆ ಇರುವುದು ವಾಕ್ಯದ ಶುರುವಿನಲ್ಲಿ. ನಾವು ‘ನನಗೆ ಹೋಗಲು ಮನಸ್ಸಿಲ್ಲ’ ಅನ್ನುತ್ತೇವೆ. ತುಳುವಿನಲ್ಲೂ ‘ಎಂಕ್ ಪೋಯೆರೆ ಮನಸ್ಸ್ ಇಜ್ಜಿ’. ಎರಡರಲ್ಲೂ ‘ನನಗೆ’. ಇಂಗ್ಲಿಷಿನಲ್ಲಿ ‘ನನಗೆ’ ಇಲ್ಲ, ನೇರವಾಗಿ ‘ಐ ಆಮ್’. ನಾನೇ ರಿಲಕ್ಟಂಟ್. ಇದು ತಲೆಗೆ ಹೋಗದೆ ನಮ್ಮ ಮಕ್ಕಳು ‘ಐ ಹ್ಯಾವ್ ರಿಲಕ್ಟಂಟ್’ ಅಂತಲೋ ‘ಫಾರ್ ಮಿ ರಿಲಕ್ಟಂಟ್’ ಅಂತಲೋ ಹೇಳುತ್ತಾರೆ. ಬುದ್ಧಿ ಕಮ್ಮಿ ಇರುವುದರಿಂದ ಅಲ್ಲ. ಒಳಗಿನಿಂದ ಕನ್ನಡದ ‘ನನಗೆ’ ಬಂದು ಕೂತುಕೊಳ್ಳುತ್ತದೆ, ಅದಕ್ಕೆ. ಒಂದು ಸಲ ಈ ಜಾಗವನ್ನು ಬೆರಳಿಟ್ಟು ತೋರಿಸಿದರೆ ಮತ್ತೆ ತಪ್ಪುವುದು ಕಮ್ಮಿ.

ಇನ್ನು ಕೆಲವು ತಪ್ಪು ಜೊತೆಗಳು. ‘ರಿಲಕ್ಟಂಟ್ ಗೋಯಿಂಗ್’ ಬೇಡ, ‘ರಿಲಕ್ಟಂಟ್ ಟು ಗೋ’ ಬೇಕು. ‘ರಿಲಕ್ಟಂಟ್ ಫ್ರಮ್’, ‘ರಿಲಕ್ಟಂಟ್ ಆಫ್’ ಎರಡೂ ಬೇಡ. ಕ್ರಿಯಾಪದ ಇಲ್ಲದೆ ವಿಷಯ ಮಾತ್ರ ಹೇಳಬೇಕಾದರೆ ‘ಅಬೌಟ್’ ಬರುತ್ತದೆ: ‘ದೇ ವರ್ ರಿಲಕ್ಟಂಟ್ ಅಬೌಟ್ ದ ಪ್ಲಾನ್.’ ಹಾಗಾದರೆ ನಮ್ಮ ಫೈಲಿನಲ್ಲಿದ್ದ ‘ರಿಲಕ್ಟಂಟ್ ಫಾರ್ ಸರ್ಜರಿ’? ಅವಸರದಲ್ಲಿ ಬರೆಯುವ ನೋಟುಗಳಲ್ಲಿ ಇಂಥದ್ದು ಕಾಣುತ್ತದೆ. ಆದರೆ ನೀವು ಪರೀಕ್ಷೆಯಲ್ಲೋ ಮೇಲ್‌ನಲ್ಲೋ ಹಾಗೆ ಬರೆಯಬೇಡಿ.

ಈ ಪದ ಕೆಲವು ಹೆಸರುಗಳ ಮುಂದೆಯೂ ಕೂರುತ್ತದೆ. ‘ಎ ರಿಲಕ್ಟಂಟ್ ಸ್ಮೈಲ್’ ಅಂದರೆ ಬರಲೋ ಬೇಡವೋ ಅಂತ ಬಂದ ನಗು. ‘ಎ ರಿಲಕ್ಟಂಟ್ ವಿಟ್ನೆಸ್’ ಅಂದರೆ ಬಾಯಿ ಬಿಡಲು ಮನಸ್ಸಿಲ್ಲದ ಸಾಕ್ಷಿ. ಪೇಪರ್ ಓದುವವರಿಗೆ ಎರಡನೆಯದು ಉಪಯೋಗಕ್ಕೆ ಬರುತ್ತದೆ.

ಆರನೇ ಹೆಜ್ಜೆ: ಅಕ್ಕಪಕ್ಕದ ಪದಗಳ ಜೊತೆ ಇಟ್ಟು ನೋಡಿ

ಒಂದು ಪದದ ಗಡಿ ಗೊತ್ತಾಗುವುದು ಪಕ್ಕದ ಪದ ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಾದಾಗ. ಇದಕ್ಕೆ ಮೂರು ನೆರೆಯವರಿದ್ದಾರೆ.

‘ಅನ್‌ವಿಲ್ಲಿಂಗ್’ ಇನ್ನೂ ಗಟ್ಟಿ. ಮಾಡಲು ತಯಾರಿಲ್ಲ, ಬಾಗಿಲು ಹೆಚ್ಚುಕಮ್ಮಿ ಮುಚ್ಚಿದೆ. ರಿಲಕ್ಟಂಟ್‌ನಲ್ಲಿ ಬಾಗಿಲು ಅರ್ಧ ತೆರೆದಿರುತ್ತದೆ. ನಮ್ಮ ಮನೆಯವರು ರಿಲಕ್ಟಂಟ್ ಆಗಿದ್ದರು, ಅನ್‌ವಿಲ್ಲಿಂಗ್ ಆಗಿರಲಿಲ್ಲ. ಆ ಸಾಲು ಬರೆದವರು ಪದವನ್ನು ಸರಿಯಾಗಿಯೇ ಆರಿಸಿದ್ದರು. ನಾನು ಓದಿದ ಅರ್ಥ ತಪ್ಪಾಗಿತ್ತು, ಅಮ್ಮ ಅತ್ತದ್ದು ಸುಮ್ನೆ.

‘ಹೆಸಿಟಂಟ್’ ಜೊತೆ ಗಲಿಬಿಲಿ ಇನ್ನೂ ಜಾಸ್ತಿ. ಎರಡಕ್ಕೂ ಕನ್ನಡದಲ್ಲಿ ‘ಹಿಂಜರಿಯುವ’ ಅಂತ ಬರೆದಿರುತ್ತಾರೆ. ವ್ಯತ್ಯಾಸ ಹೇಳಲು ನಾನು ಊಟದ ಮನೆಗೆ ಹೋಗುತ್ತೇನೆ. ನೀವು ನೆಂಟರ ಮನೆಗೆ ಹೋಗಿದ್ದೀರಿ. ನೀರ್‌ದೋಸೆ, ಕಾಯಿಹಾಲು. ಇನ್ನೊಂದು ದೋಸೆ ಬೇಕು ಅನಿಸುತ್ತದೆ, ಆದರೆ ಕೇಳಲು ಸಂಕೋಚ. ಕೈ ಬಟ್ಟಲಿನ ಅಂಚಿನಲ್ಲೇ ನಿಂತಿದೆ. ಆಗ ನೀವು ಹೆಸಿಟಂಟ್. ಆಸೆ ಇದೆ, ಧೈರ್ಯ ಸಾಲದು. ಈಗ ಇನ್ನೊಂದು ಸ್ಥಿತಿ. ಹೊಟ್ಟೆ ಬಿರಿಯುವಷ್ಟು ತಿಂದಾಗಿದೆ. ಅತ್ತೆ ಬಿಡುವುದಿಲ್ಲ. ‘ಒಂದೇ ಒಂದು, ನನ್ನ ಮೇಲಾಣೆ’ ಅಂತ ಬಡಿಸಿಯೇ ಬಿಟ್ಟರು. ನೀವು ಉಸಿರು ಬಿಟ್ಟು ತಿನ್ನಲು ಶುರು ಮಾಡಿದಿರಿ. ಆಗ ನೀವು ರಿಲಕ್ಟಂಟ್. ಧೈರ್ಯದ ಪ್ರಶ್ನೆ ಇಲ್ಲ, ಮನಸ್ಸೇ ಇಲ್ಲ. ಇದನ್ನು ಹೇಳಿದ ಮೇಲೆ ಕ್ಲಾಸಿನಲ್ಲಿ ಈ ಎರಡು ಪದಗಳನ್ನು ಅದಲುಬದಲು ಮಾಡಿದವರನ್ನು ನಾನು ನೋಡಿಲ್ಲ.

ಮೂರನೆಯದು ‘ರೆಟಿಸಂಟ್’. ಸದ್ದು ಒಂದೇ ತರ ಇರುವುದರಿಂದ ಇಂಗ್ಲಿಷ್ ಚೆನ್ನಾಗಿ ಗೊತ್ತಿರುವವರೂ ಎಡವುತ್ತಾರೆ. ಅದು ಮಾತಿಗೆ ಸಂಬಂಧಪಟ್ಟ ಪದ. ಮನಸ್ಸಿನಲ್ಲಿರುವುದನ್ನು ಬಿಟ್ಟು ಹೇಳದವರು ರೆಟಿಸಂಟ್.

ಇನ್ನೊಂದು ಗಡಿ ಇದೆ, ಅದಕ್ಕೆ ಮಲ್ಪೆಗೆ ಹೋಗಬೇಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಆಗ ಬೋಟುಗಳು ಧಕ್ಕೆಯಲ್ಲಿ ಸಾಲಾಗಿ ನಿಂತಿರುತ್ತವೆ. ಬೋಟಿನವರು ಆಗ ರಿಲಕ್ಟಂಟ್ ಅನ್ನಬಹುದಾ? ಅನ್ನುವ ಹಾಗಿಲ್ಲ. ಅವರಿಗೆ ಹೋಗಲು ಬಿಡುವುದಿಲ್ಲ, ಅಷ್ಟೇ. ಆಗಸ್ಟ್ ಬಂತು, ನಿಷೇಧ ಮುಗಿಯಿತು. ಆದರೆ ಗಾಳಿ ಜೋರಿದೆ, ಕಡಲು ಕೆಟ್ಟಿದೆ. ಹೋಗಬಹುದು, ಆದರೆ ಮನಸ್ಸು ಬರುತ್ತಿಲ್ಲ. ಈಗ ‘ದೇ ಆರ್ ರಿಲಕ್ಟಂಟ್ ಟು ಗೋ ಔಟ್ ಟು ಸೀ’ ಅನ್ನಬಹುದು. ಮಾಡುವ ದಾರಿ ತೆರೆದಿರುವಾಗ ಮಾತ್ರ ಈ ಪದಕ್ಕೆ ಜಾಗ.

ಏಳನೇ ಹೆಜ್ಜೆ: ಮನೆಯವರನ್ನೂ ಪರಿಚಯ ಮಾಡಿಕೊಳ್ಳಿ

ರಿಲಕ್ಟಂಟ್‌ಗೆ ಇಬ್ಬರು ಮನೆಯವರು. ‘ರಿಲಕ್ಟನ್ಸ್’ ಅಂದರೆ ಆ ಒಲ್ಲದ ಮನಸ್ಸು. ‘ರಿಲಕ್ಟಂಟ್ಲಿ’ ಅಂದರೆ ಒಲ್ಲದ ಮನಸ್ಸಿನಿಂದ. ‘ವಿತ್ ರಿಲಕ್ಟಂಟ್’ ಅಂತ ಹೇಳಬೇಡಿ, ‘ವಿತ್ ರಿಲಕ್ಟನ್ಸ್’ ಅನ್ನಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ‘ಹಿ ವಾಸ್ ರಿಲಕ್ಟಂಟ್ ಟು ಅಗ್ರೀ’ ಅಂದರೆ ಕೊನೆಗೆ ಒಪ್ಪಿದನೋ ಇಲ್ಲವೋ ಗೊತ್ತಿಲ್ಲ. ‘ಹಿ ರಿಲಕ್ಟಂಟ್ಲಿ ಅಗ್ರೀಡ್’ ಅಂದರೆ ಒಪ್ಪಿದ, ಮನಸ್ಸಿಲ್ಲದಿದ್ದರೂ ಒಪ್ಪಿದ. ಬ್ಯಾಂಕ್ ಪರೀಕ್ಷೆಯಲ್ಲಿ ಒಂದು ಪ್ಯಾರಾ ಕೊಟ್ಟು ‘ಅವನು ಒಪ್ಪಿದನೇ?’ ಅಂತ ಕೇಳಿದರೆ ಇಷ್ಟು ತಿಳಿದಿದ್ದರೆ ಉತ್ತರ ಸಿಗುತ್ತದೆ.

ಎಂಟನೇ ಹೆಜ್ಜೆ: ಎಲ್ಲಿ ಹೇಳಬೇಕು, ಎಲ್ಲಿ ಬೇಡ

ಇದು ಸ್ವಲ್ಪ ಗಂಭೀರ ಪದ. ಆಫೀಸ್ ಮೇಲ್, ಪೇಪರ್, ಇಂಟರ್‌ವ್ಯೂ, ಮೀಟಿಂಗ್‌ಗೆ ಹೊಂದುತ್ತದೆ. ಗೆಳತಿ ಬೀಚಿಗೆ ಕರೆದಾಗ ‘ಐ ಆಮ್ ರಿಲಕ್ಟಂಟ್’ ಅಂದರೆ ತೂಕ ಜಾಸ್ತಿಯಾಗುತ್ತದೆ. ಅಲ್ಲಿ ‘ಐ ಡೋಂಟ್ ಫೀಲ್ ಲೈಕ್ ಇಟ್’ ಸಾಕು.

ಮೇಲಿನವರಿಗೆ ‘ಆಗುವುದಿಲ್ಲ’ ಅಂತ ಮರ್ಯಾದೆಯಿಂದ ಹೇಳಲು ಮಾತ್ರ ಇದು ಬಹಳ ಒಳ್ಳೆಯ ಪದ. ನನ್ನ ಕ್ಲಾಸಿಗೆ ಬರುವ ಒಬ್ಬಳು ಬಟ್ಟೆ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಾಳೆ. ಸತತ ನಾಲ್ಕು ಭಾನುವಾರ ಡ್ಯೂಟಿ ಹಾಕಿದ್ದರು. ಮ್ಯಾನೇಜರಿಗೆ ಇಂಗ್ಲಿಷಿನಲ್ಲೇ ಮೆಸೇಜ್ ಹಾಕಬೇಕು. ಮೊದಲು ಬರೆದದ್ದು ‘ಐ ವಿಲ್ ನಾಟ್ ಕಮ್ ಸಂಡೇ.’ ಜಗಳಕ್ಕೆ ಹೋದ ಹಾಗೆ ಇತ್ತು. ಇಬ್ಬರೂ ಕೂತು ತಿದ್ದಿದೆವು: ‘ಸರ್, ಐ ಆಮ್ ಎ ಬಿಟ್ ರಿಲಕ್ಟಂಟ್ ಟು ವರ್ಕ್ ದಿಸ್ ಸಂಡೇ, ಆಸ್ ಐ ಹ್ಯಾವ್ ವರ್ಕ್ಡ್ ದ ಲಾಸ್ಟ್ ಫೋರ್ ಸಂಡೇಸ್. ಕುಡ್ ಸಮ್‌ಒನ್ ಎಲ್ಸ್ ಟೇಕ್ ದಿಸ್ ಒನ್?’ ಆ ‘ಎ ಬಿಟ್’ ಗಮನಿಸಿ. ಸ್ವಲ್ಪ ಅನ್ನುವ ಆ ಎರಡು ಚಿಕ್ಕ ಪದಗಳು ಮಾತಿನ ಮೊನೆ ತೆಗೆಯುತ್ತವೆ. ಕಾರಣವನ್ನೂ ಜೊತೆಗೇ ಹೇಳಿದ್ದಾಳೆ. ಕಾರಣ ಇಲ್ಲದೆ ಈ ಪದ ಬಳಸಿದರೆ ಸೋಮಾರಿತನದ ಹಾಗೆ ಕೇಳಬಹುದು. ಅವಳಿಗೆ ಆ ಭಾನುವಾರ ರಜೆ ಸಿಕ್ಕಿತು.

ಒಂಬತ್ತನೇ ಹೆಜ್ಜೆ: ನಿಮ್ಮದೇ ಐದು ವಾಕ್ಯ ಬರೆಯಿರಿ

ಡಿಕ್ಷನರಿಯ ವಾಕ್ಯ ನಕಲು ಮಾಡಬೇಡಿ. ನಿಮ್ಮ ಜೀವನದಲ್ಲಿ ನಿಜವಾಗಿ ನಡೆದದ್ದನ್ನೇ ಬರೆಯಿರಿ. ಒಂದು ನಿಮ್ಮ ಬಗ್ಗೆ, ಒಂದು ಮನೆಯವರ ಬಗ್ಗೆ, ಒಂದು ಕೆಲಸದ ಜಾಗದ್ದು, ಒಂದು ಊರಿನದ್ದು. ಐದನೆಯದರಲ್ಲಿ ‘ರಿಲಕ್ಟಂಟ್ಲಿ’ ಬರಬೇಕು. ಕ್ಲಾಸಿನಲ್ಲಿ ಬಂದ ಕೆಲವು: ‘ಮೈ ಗ್ರ್ಯಾಂಡ್‌ಮದರ್ ಇಸ್ ರಿಲಕ್ಟಂಟ್ ಟು ಸೆಲ್ ದ ಓಲ್ಡ್ ಹೌಸ್.’ ‘ಐ ವಾಸ್ ರಿಲಕ್ಟಂಟ್ ಟು ಸ್ಪೀಕ್ ಇಂಗ್ಲಿಷ್ ಇನ್ ಫ್ರಂಟ್ ಆಫ್ ಮೈ ಕಸಿನ್ಸ್.’ ‘ಮೈ ಫಾದರ್ ರಿಲಕ್ಟಂಟ್ಲಿ ಗೇವ್ ಮಿ ದ ಬೈಕ್ ಕೀ.’

ಹಳೆ ಮನೆ ಮಾರಲು ಮನಸ್ಸಿಲ್ಲದ ಅಜ್ಜಿಯ ವಾಕ್ಯ ಬರೆದವನು ಅದನ್ನು ಗಟ್ಟಿಯಾಗಿ ಓದುವಾಗ ಇಡೀ ಕ್ಲಾಸ್ ಸುಮ್ಮನಾಯಿತು. ಇಂಗ್ಲಿಷಿನಲ್ಲಿ ಅವನು ತನ್ನ ಮನೆಯ ವಿಷಯ ಹೇಳಿದ್ದು ಅದೇ ಮೊದಲು.

ಬರೆದದ್ದನ್ನು ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ‘ಲಕ್’ ಮೇಲೆ ಒತ್ತು ಬಿದ್ದಿದೆಯಾ ನೋಡಿ. ಗೊತ್ತಿರುವ ಒಬ್ಬರಿಗೆ ತೋರಿಸಿ ತಿದ್ದಿಸಿಕೊಳ್ಳಿ.

ಹತ್ತನೇ ಹೆಜ್ಜೆ: ಮರೆಯುವ ಮೊದಲು ಮತ್ತೆ ನೋಡಿ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಮರೆವಿನ ಬಗ್ಗೆ ಬರೆದರು. ಕಲಿತದ್ದು ಮೊದಲ ಗಂಟೆಗಳಲ್ಲಿ, ಮೊದಲ ದಿನದಲ್ಲೇ ಜಾಸ್ತಿ ಸೋರಿಹೋಗುತ್ತದೆ, ಆಮೇಲೆ ನಿಧಾನವಾಗುತ್ತದೆ. ಹಾಗಾಗಿ ಒಂದೇ ರಾತ್ರಿ ಐವತ್ತು ಸಲ ಬರೆಯುವ ಬದಲು ಆ ರಾತ್ರಿ ಒಮ್ಮೆ, ಮರುದಿನ ಒಮ್ಮೆ, ಮೂರು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ನೋಡಿ. ಪ್ರತಿ ಸಲವೂ ಮೊದಲು ಪುಸ್ತಕ ಮುಚ್ಚಿಟ್ಟು ನೆನಪು ಮಾಡಿಕೊಳ್ಳಬೇಕು, ಆಮೇಲೆ ತೆರೆಯಬೇಕು.

ಉಡುಪಿಯಿಂದ ಮಂಗಳೂರಿಗೆ ದಿನಾ ಬಸ್ಸಿನಲ್ಲಿ ಹೋಗುವವರಿಗೆ ನಾನು ಹೇಳಿಕೊಡುವ ದಾರಿ ಬೇರೆ. ಸ್ಟಾಪಿಗೆ ಒಂದು ಕೆಲಸ. ಕಟಪಾಡಿ ಬರುವಾಗ ಪದದ ಅರ್ಥವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ಕಾಪು ಬಂದಾಗ ಸ್ಪೆಲ್ಲಿಂಗ್. ಪಡುಬಿದ್ರಿಯಲ್ಲಿ ‘ಟು’ ಸೇರಿಸಿ ಒಂದು ವಾಕ್ಯ. ಮೂಲ್ಕಿಯಲ್ಲಿ ಹೆಸಿಟಂಟ್ ಜೊತೆ ವ್ಯತ್ಯಾಸ. ಸುರತ್ಕಲ್ ಬಂದಾಗ ಇವತ್ತು ಹೊಸದಾಗಿ ನಡೆದ ಒಂದು ವಿಷಯದ ಬಗ್ಗೆ ಹೊಸ ವಾಕ್ಯ. ಕಂಡಕ್ಟರ್ ಸ್ಟಾಪಿನ ಹೆಸರು ಕೂಗುವುದೇ ನಿಮಗೆ ಬೆಲ್. ಕೂತುಕೊಳ್ಳಲು ಸೀಟು ಸಿಗದಿದ್ದರೂ ನಡೆಯುತ್ತದೆ, ಪುಸ್ತಕ ತೆರೆಯುವ ಅಗತ್ಯವೇ ಇಲ್ಲ.

ಈ ವಾರವಿಡೀ ಪೇಪರ್ ಓದುವಾಗ, ಕ್ರಿಕೆಟ್ ಕಾಮೆಂಟರಿ ಕೇಳುವಾಗ ಕಿವಿ ತೆರೆದಿಡಿ. ಎರಡನೇ ರನ್ನಿಗೆ ಓಡಲು ಮನಸ್ಸಿಲ್ಲದ ಬ್ಯಾಟ್ಸ್‌ಮನ್, ಬಡ್ಡಿ ಇಳಿಸಲು ಹಿಂದೆ ಮುಂದೆ ನೋಡುವ ರಿಸರ್ವ್ ಬ್ಯಾಂಕ್, ಕುರ್ಚಿ ಬಿಡಲು ಮನಸ್ಸಿಲ್ಲದ ಮಂತ್ರಿ, ಎಲ್ಲರಿಗೂ ಈ ಪದ ಬರುತ್ತದೆ. ಸಿಕ್ಕಿದ ಪ್ರತಿ ಸಾಲನ್ನೂ ಅದೇ ಪುಟದಲ್ಲಿ ಸೇರಿಸಿ.

ನನ್ನ ಪುಟ ಈಗ ತುಂಬಿದೆ. ಮೇಲೆ ಆಸ್ಪತ್ರೆಯ ಸಾಲು, ಕೆಳಗೆ ಬೇರೆ ಬೇರೆ ವರ್ಷಗಳ ಸಾಲುಗಳು. ಕೊನೆಗೆ ನಾನೇ ಬರೆದದ್ದು ಒಂದಿದೆ. ಆ ದಿನ ಫೈಲಿನಲ್ಲಿ ಹೀಗೆ ಇದ್ದಿದ್ದರೆ ಅಮ್ಮನಿಗೆ ಓದಿ ಹೇಳಲು ನನಗೂ ಸುಲಭ ಆಗುತ್ತಿತ್ತು: ‘ದ ಫ್ಯಾಮಿಲಿ ಇಸ್ ರಿಲಕ್ಟಂಟ್ ಟು ಗೋ ಅಹೆಡ್ ಟುಡೇ. ದೇ ಹ್ಯಾವ್ ಆಸ್ಕ್ಡ್ ಫಾರ್ ಒನ್ ಡೇ.’